ಮಳೆ ನಿಲ್ಲುವವರೆಗೆ ಗಂಟೆ

ನಾಲ್ಕು ಗಂಟೆಗೆ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಕಾಡಿನ ನಡುವಿನ ಆ ಲಾಡ್ಜಿಗಿದ್ದ ಒಂದೇ ಮಣ್ಣುರಸ್ತೆ ಕೊಚ್ಚಿಹೋಗಿ ಮೂರು ದಿನವಾಗಿತ್ತು. ಅತಿಥಿಗಳು ಯಾರೂ ಇರಲಿಲ್ಲ. ಊಟ, ಹಾಸಿಗೆ ಕೊಟ್ಟರೆ ಸಾಕೆಂದು ಬೇರೆ ಬೇರೆ ದೇಶಗಳಿಂದ ಕೆಲಸಕ್ಕೆ ಬಂದಿದ್ದ ಸ್ವಯಂಸೇವಕರು ನಾಲ್ಕೈದು ಮಂದಿ ಅಡುಗೆಮನೆಯ ಒಲೆಯ ಸುತ್ತ ಕೂತು ಕಾಲು ಕಾಯಿಸಿಕೊಳ್ಳುತ್ತಿದ್ದರು. ಅವರಲ್ಲೊಬ್ಬಳಾದ ನರ್ಸಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಆಸ್ಪತ್ರೆಗೆ ಎರಡು ತಿಂಗಳ ರಜೆ ಬರೆದುಕೊಟ್ಟು ಸಮುದ್ರ ದಾಟಿ ಬಂದವಳಿಗೆ ಇವತ್ತು ಗಂಟೆಯ ಪಾಳಿ. ಅಡುಗೆಮನೆ ಬಾಗಿಲಾಚೆ, ವರಾಂಡದ ತೊಲೆಗೆ ತೂಗುಹಾಕಿದ ಕಬ್ಬಿಣದ ತುಂಡಿಗೆ, ಮಳೆ ಸುರಿಯುವಷ್ಟು ಹೊತ್ತೂ, ಐದು ನಿಮಿಷಕ್ಕೊಮ್ಮೆ ಮೂರು ಏಟು ಹೊಡೆಯಬೇಕು. ಕಾಡಿನಲ್ಲಿ ದಾರಿ ತಪ್ಪಿದವರು ಸದ್ದು ಹಿಡಿದು ಬರಲಿ ಎಂದು.

"ಎಲ್ಲರೂ ಒಳಗೇ ಇದ್ದೀವಲ್ಲ ತಾತ, ಯಾರಿಗೋಸ್ಕರ ಬಡೀಲಿ? ರಟ್ಟೆ ಬಿದ್ದುಹೋಯ್ತು."

"ಸೂಜಿ ಚುಚ್ಚೋವಾಗ ಮಾತ್ರ ಎಲ್ಲಿಲ್ಲದ ಬಲ ಬರತ್ತಲ್ಲ, ನರ್ಸಮ್ಮ," ಎಂದು ಒಲೆ ಬಳಿಯಿದ್ದ ಸ್ವಯಂಸೇವಕರಲ್ಲೊಬ್ಬರಾದ ಮೇಷ್ಟ್ರು ಕಿಚಾಯಿಸಿದರು. ಎಲ್ಲರೂ ನಕ್ಕರು. ನಲವತ್ತು ವರ್ಷದಿಂದ ಆ ಕಾಡಿನ ದಾರಿಗಳನ್ನು ನೋಡಿಕೊಂಡು ಬಂದಿದ್ದ, ಬಾಗಿಲಿಗೆ ಮುಖ ಮಾಡಿ ಕೂತಿದ್ದ ತಾತ ನಗಲಿಲ್ಲ.

"ಹೊಡೀತಾ ಇರು ತಾಯಿ. ಹೊಡೀತಾ ಹೊಡೀತಾನೇ ಕೇಳು... ಆಗ ನನಗೆ ನಿಮ್ಮಷ್ಟೇ ವಯಸ್ಸು. ನಿಮ್ಮ ಹಾಗೇ ಒಬ್ಬಳು ಬಂದಿದ್ಲು, ಬೆನ್ನಿಗೊಂದು ಚೀಲ ಹಾಕ್ಕೊಂಡು, ದೇಶ ದೇಶ ಸುತ್ಕೊಂಡು. ಮೂರು ವಾರ ಅಂತ ಬಂದೋಳು ಐದು ತಿಂಗಳಾದ್ರೂ ಹೊರಡಲಿಲ್ಲ. ಉದ್ದುದ್ದ ಕಾಲು, ಕೆಸರಲ್ಲಿ ಒಂದೊಂದೇ ಎತ್ತಿಡೋಳು, ಅದಕ್ಕೇ ಕೊಕ್ಕರೆ ಅಂತಿದ್ವಿ. ಕೋಪ ಎಲ್ಲಿ ಬಂತು? ಒಂಟಿ ಕಾಲಲ್ಲಿ ನಿಂತು ತೋರಿಸೋಳು! ಯಾಕೆ ಹೊರಡಲಿಲ್ಲ ಅಂತೀರಾ... ನನ್ನ ಬಾಯಿಂದ ಯಾಕೆ ಹೇಳಿಸ್ತೀರಿ ಬಿಡಿ. ನನ್ನ ತಟ್ಟೆಗೆ ಮಾತ್ರ ಎರಡೆರಡು ಸಲ ಬಡಿಸ್ತಾಳೆ ಅಂತ ಆಗಿನ ಅಡುಗೆ ಅಕ್ಕ ಆಡ್ಕೊಂಡು ನಗ್ತಿದ್ಲು.

"ಒಂದು ಮಧ್ಯಾಹ್ನ ಅವಳೂ ಇನ್ನಿಬ್ಬರೂ ಅತಿಥಿಗಳನ್ನ ಜಲಪಾತಕ್ಕೆ ಕರ್ಕೊಂಡು ಹೋದ್ರು. ಹಿಡೀತು ನೋಡಿ, ಇಂಥದೇ ಮಳೆ. ಗಂಟೆ ನನ್ನ ಕೈಲಿತ್ತು. ಒಬ್ಬರ ಹಿಂದೆ ಒಬ್ಬರು ನೀರು ಸುರಿಸ್ಕೊಂಡು ಬಂದ್ರು, ಬಂದೋರು ಬಂದ ಹಾಗೇ ಬಿಸಿನೀರಿಗೆ ಓಡಿದ್ರು. ಆಗ ನಾವು ತಲೆ ಎಣಿಸ್ತಿರಲಿಲ್ಲ, ರೇನ್‌ಕೋಟ್ ಎಣಿಸ್ತಿದ್ವಿ. ಹೋಗೋವಾಗ ತಲೆಗೊಂದು ಕೊಡೋದು, ಬಂದು ಮೊಳೆಗೆ ನೇತುಹಾಕೋದು. ಹದಿನಾಲ್ಕು ಕೊಟ್ಟಿದ್ದೆ. ಹದಿನಾಲ್ಕೂ ಬಂದಿತ್ತು. ಎರಡು ಸಲ ಎಣಿಸಿ... ಗಂಟೆ ಹೊಡೆಯೋ ಕೋಲು ಕೆಳಗಿಟ್ಟೆ.

"ಊಟಕ್ಕೆ ಕೂತಾಗ ಒಂದು ತಟ್ಟೆ ಉಳೀತು. ಏನಾಗಿತ್ತು ಗೊತ್ತಾ? ಅತಿಥಿ ಅಜ್ಜಿಯೊಬ್ಬಳು ಚಳಿಗೆ ಗಡಗಡ ನಡುಗ್ತಿದ್ಲಂತೆ, ಇವಳು ತನ್ನ ಕೋಟನ್ನೂ ಅಜ್ಜಿ ಮೈಮೇಲೆ ಹೊದಿಸಿ, ಉಳಿದೋರ ಜೊತೆ ಮುಂದೆ ಕಳಿಸಿ, ಅಜ್ಜಿ ಬಂಡೆ ಮೇಲೆ ಮರೆತು ಬಂದ ಕನ್ನಡಕ ತರೋಕೆ ವಾಪಸು ಹೋಗಿದ್ಲು. ಅಜ್ಜಿ ಎರಡೂ ಕೋಟು ಮೊಳೆಗೆ ಹಾಕಿ ಜ್ವರದಲ್ಲಿ ಮಲಗಿಬಿಟ್ಟಳು. ಉಳಿದೋರು, ಹಿಂದೆ ಬಂದಿರ್ತಾಳೆ ಅಂದ್ಕೊಂಡ್ರು.

"ಆಮೇಲೆ ಬಡಿದೆ, ಅಂಗೈ ಒಡೆಯೋವರೆಗೂ ಬಡಿದೆ... ಏನು ಬಂತು? ಹಳ್ಳದ ಆಚೆ, ಮಳೆ ತಾಗದ ಒಂದು ಬಂಡೆ ಮರೇಲಿ ಅವಳ ಹೆಜ್ಜೆ ಗುರುತಿತ್ತು. ನೆಟ್ಟಗೆ ನಮ್ಮ ಕಡೆಗೇ ಬರ್ತಿದ್ದ ಹೆಜ್ಜೆ ಅಲ್ಲಿ ನಿಂತು, ಸುತ್ತೀ ಸುತ್ತೀ ತಿರುಗಿ, ನೀರಿನ ಕಡೆ ಹೋಗಿತ್ತು. ನಾನು ಕೋಲು ಕೆಳಗಿಟ್ಟಿದ್ದು ಆಗಲೇ ಇರಬೇಕು, ಅಲ್ವಾ? ಮೂರನೇ ದಿನ ಸಿಕ್ಕಿದ್ಲು. ಕನ್ನಡಕ ಜೇಬಲ್ಲಿತ್ತು. ಒಡೆದಿರಲಿಲ್ಲ."

ನರ್ಸು ಗಡಿಯಾರ ನೋಡಿಕೊಂಡು ಮೂರು ಏಟು ಹೊಡೆದಳು. ಮೊದಲಿಗಿಂತ ಜೋರಾಗಿ.

"ಮುಂದಿನ ವರ್ಷ ಮೊದಲ ಮಳೆಗೆ ಗಂಟೆ ಹೊಡೆದೆ. ಹಳ್ಳದ ಆಚೆಯಿಂದ 'ಬಂದೇ...' ಅಂತು. ಅವಳದೇ ದನಿ. ಮಳೆ ನಿಂತ್ರೆ ನಿಂತಲ್ಲೇ ನಿಲ್ತಾಳೆ, ಮತ್ತೆ ಮಳೆ ಬಂದ್ರೆ ಅಲ್ಲಿಂದಲೇ ಹೊರಡ್ತಾಳೆ. ಒಂದು ಮಳೆಗಾಲಕ್ಕೆ ಹತ್ತು ಹೆಜ್ಜೆಯೋ ಹನ್ನೆರಡೋ. ಹಳ್ಳ ದಾಟಿ, ಬಿದಿರು ಮೆಳೆ ದಾಟಿ ಬಂದ್ಲು. ಅಷ್ಟರಲ್ಲಿ ಒಂದು ಸಲ ನಾನು ಜ್ವರದಲ್ಲಿ ಮಲಗಿದ್ದೆ, ನಿಮ್ಮಂಥೋನೊಬ್ಬ ಎಲ್ಲರೂ ಒಳಗಿದ್ದಾರಲ್ಲ ಅಂತ ಗಂಟೆ ನಿಲ್ಲಿಸ್ದ. ಮುಂದಿನ ಮಳೆಗೆ ದನಿ ಎಲ್ಲಿಂದ ಬಂತು ಅಂತೀರಿ? ಮತ್ತೆ ಹಳ್ಳದ ಆಚೆಯಿಂದ. ಹನ್ನೊಂದು ವರ್ಷ ನಡೆದ ದಾರಿ ತಾಯಿ... ಒಂದೇ ಮಳೇಲಿ ಹೋಯ್ತು."

"ಈಗ ಎಲ್ಲಿದ್ದಾಳೆ, ತಾತ?" ನರ್ಸು ಕೇಳಿದಳು. ಅವಳ ಬೆನ್ನು ಅಂಗಳಕ್ಕಿತ್ತು.

ತಾತ ಅವಳ ಭುಜದಾಚೆಗೆ ನೋಡುತ್ತಿದ್ದ.

"ಇವತ್ತು ನಿನಗೆ ಪಾಳಿ ಕೊಟ್ಟಿದ್ದು ನನ್ನ ಕೈಲಾಗದೆ ಅಂದ್ಕೊಂಡ್ಯಾ? ಗಂಟೆ ಹೊಡೆಯೋನಿಗೆ ಅಂಗಳ ಕಾಣಲ್ಲ. ನಿನ್ನೆ ಮಳೆ ಬಿಡೋ ಹೊತ್ತಿಗೆ ದನಿ ನನ್ನ ಬೆನ್ನ ಹಿಂದೇನೇ ಇತ್ತು. ನಾನು ಮುಖ ಕೊಟ್ಟು ಕೂರಬೇಕಿತ್ತು ಇವತ್ತು... ಅವಳಿಗೆ ಇನ್ನೂ ಇಪ್ಪತ್ನಾಲ್ಕೇ, ಈ ಮುದುಕನ ಗುರುತು ಹತ್ತತ್ತೋ ಇಲ್ವೋ. ಹತ್ತಿದ್ರೆ, ಯಾಕೆ ನಿಲ್ಲಿಸ್ದೆ ಅಂತ ಕೇಳ್ತಾಳೆ. ಕೇಳಲಿ... ನೀನು ಮಾತ್ರ ತಿರುಗಬೇಡ, ತಿರುಗಿದ್ರೆ ನಿನ್ನ ಕೈ ನಿಂತುಬಿಡತ್ತೆ. ಹೊಡಿ ಮಗಳೇ. ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಿದ್ದಾಳೆ."