ಭಾವನ ಚೀಲ ತೆರೆದ ಬಗ್ಗೆ ಗೇಟಿನ ಕಾವಲುಗಾರನ ಹೇಳಿಕೆ

ಕೃತಕ ಕಾಲು ತಯಾರಿಸುವ ಕಾರ್ಖಾನೆಯಲ್ಲಿ ಎಲ್ಲರೂ ಗೇಟಣ್ಣ ಎಂದು ಕರೆಯುವ ನಾನು, ವಯಸ್ಸು 34 ವರ್ಷ, ಉದ್ಯೋಗ ಅದೇ ಕಾರ್ಖಾನೆಯ ಗೇಟಿನ ಕಾವಲು, ವಾಸ ಕಾರ್ಖಾನೆಯ ಹಿಂದಿನ ಓಣಿಯಲ್ಲಿರುವ ನನ್ನ ಅಕ್ಕನ ಮನೆಯ ಮಹಡಿ, ಯಾರ ಕರೆಯೂ ಇಲ್ಲದೆ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಕಾರ್ಖಾನೆಯ ಸ್ಟೋರಿನ ಕಳವಿನ ಈ ಕೇಸಿನಲ್ಲಿ ಆರೋಪಿಯಾಗಿರುವವರು ನನ್ನ ಅಕ್ಕನ ಗಂಡ. ಕೃತಕ ಕಾಲನ್ನು ತೊಡೆಗೆ ಬಿಗಿಯುವ ಚರ್ಮದ ಪಟ್ಟಿ ಹೊಲಿಯುವುದು ಅವರ ಕೆಲಸ. ನನಗೆ ಗೇಟಿನ ಕೆಲಸ ಕೊಡಿಸಿದವರೂ ಅವರೇ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಭಾವ ಎಂದಿಗಿಂತ ದಪ್ಪಗಿದ್ದ ಚೀಲ ಹೊತ್ತು ಗೇಟಿಗೆ ಬಂದರು. ಒಳಗೆ ಹೋಗುವ ಚೀಲವನ್ನೂ ತೆರೆದು ನೋಡಬೇಕೆಂಬುದು ನಿಯಮ. ಅವರು ಅದನ್ನು ಮೇಜಿನ ಮೇಲಿಡಲು ಬಂದಾಗ ನಾನು, "ಹೋಗಿ ಭಾವ, ನಿಮ್ದೇನು ನೋಡೋದು" ಎಂದು ಕೈಬೀಸಿದೆ. "ಭಾಮೈದ ಗೇಟಲ್ಲಿದ್ರೆ ಆನೇನೂ ಒಳಗೆ ಹೋಗುತ್ತೆ ಬಿಡು" ಎಂದು ನಗುತ್ತಾ ಅವರು ಹೋದರು. ಚೀಲದಲ್ಲಿ ಏನಿತ್ತೆಂದು ನಾನು ನೋಡಿಲ್ಲ.

ಮಧ್ಯಾಹ್ನ ಹೊಸ ಮ್ಯಾನೇಜರ್ ಗೇಟಿಗೆ ಬಂದು, ಸ್ಟೋರಿನಲ್ಲಿ ಇರಬೇಕಾದ ಚರ್ಮವೂ ಬಕಲ್‌ಗಳೂ ಇಲ್ಲವೆಂದೂ, ಇನ್ನು ಮುಂದೆ ಹೊರಹೋಗುವ ಪ್ರತಿ ಚೀಲವನ್ನೂ ತಮ್ಮೆದುರೇ ತೆರೆಯಬೇಕೆಂದೂ ಸೂಚಿಸಿದರು. ಸಂಜೆ ಐದಕ್ಕೆ ಕೆಲಸಗಾರರ ಸಾಲು ನಿಂತಿತು. ಭಾವನ ಸರದಿ ಬಂದಾಗ ನಾನು ಚೀಲ ಮುಟ್ಟದೆ ನಿಂತೆ. ಅವರೇ ಚೀಲದ ಬಾಯಿ ಬಿಚ್ಚಿ, "ನೋಡಯ್ಯಾ, ಸಂಕೋಚ ಯಾಕೆ" ಎಂದರು. ಊಟದ ಡಬ್ಬಿಯ ಕೆಳಗೆ, ಹಳೆಯ ಟವೆಲಿನಲ್ಲಿ ಸುತ್ತಿದ ಮೆತ್ತನೆಯ ಚರ್ಮದ ಸುರುಳಿ ಮತ್ತು ಒಂದು ಹಿಡಿ ಬಕಲ್‌ಗಳಿದ್ದವು. ಅವನ್ನು ತೆಗೆದು ಮೇಜಿನ ಮೇಲಿಟ್ಟವನು ನಾನೇ.

ಅವು ತಮ್ಮ ಸ್ವಂತದವು ಎಂದು ಭಾವ ಹೇಳಿದರು. ಸ್ಟೋರಿನಲ್ಲಿ ಮಾಲಿಲ್ಲದೆ ಕಾಲಿಗಾಗಿ ಬಂದವರು ಬಂದ ದಾರಿಗೆ ಸುಂಕವಿಲ್ಲವೆಂದು ಕುಂಟುತ್ತಾ ವಾಪಸಾಗುತ್ತಿದ್ದರಂತೆ. ಅದನ್ನು ನೋಡಲಾರದೆ ಬೆಳಿಗ್ಗೆ ಮನೆಯಿಂದ ಸಾಮಾನು ತಂದು, ಒಬ್ಬ ಹೆಣ್ಣುಮಗಳ ಕಾಲಿಗೆ ಪಟ್ಟಿ ಹೊಲಿದು ಕೊಟ್ಟು, ಉಳಿದದ್ದನ್ನು ಒಯ್ಯುತ್ತಿರುವುದಾಗಿ ತಿಳಿಸಿದರು. ಮ್ಯಾನೇಜರ್ ನನ್ನತ್ತ ತಿರುಗಿ, ಬೆಳಿಗ್ಗೆ ಇವನ್ನು ನೋಡಿದ್ದೆಯಾ ಎಂದು ಕೇಳಿದರು. ಇಲ್ಲ ಎಂದೆ. ಚೀಲವನ್ನೇ ತೆರೆದಿರಲಿಲ್ಲ ಎಂಬುದನ್ನು ಕೆಲಸ ಹೋಗುವ ಹೆದರಿಕೆಗೆ ಮುಚ್ಚಿಟ್ಟೆ. ಭಾವನೂ ನನ್ನನ್ನು ಬಿಟ್ಟುಕೊಡಲಿಲ್ಲ. ಆ ಸಂಜೆಯೇ ದೂರು ದಾಖಲಾಗಿ ಅವರನ್ನು ಠಾಣೆಗೆ ಕರೆದೊಯ್ದರು.

ಭಾವ ರಜೆಯ ದಿನಗಳಲ್ಲಿ ಮನೆಯಲ್ಲಿ ಚಪ್ಪಲಿ ಹೊಲಿಯುತ್ತಾರೆ. ಅವರ ಮಂಚದ ಕೆಳಗೆ ಚರ್ಮ ಇರುವುದನ್ನು ನಾನು ಕಂಡಿದ್ದೇನೆ. ಸಿಕ್ಕಿದ ಚರ್ಮ ಅದೇ ಎಂದು ಹೇಳಲಾರೆ.

ಮಂಗಳವಾರ ಜಾಮೀನಿನ ಮೇಲೆ ಭಾವ ಮನೆಗೆ ಬಂದರು. ಊಟಕ್ಕೆ ಕುಳಿತಾಗ ಅಕ್ಕ ನನ್ನ ತಟ್ಟೆಯನ್ನು ಸದ್ದಾಗುವಂತೆ ಇಟ್ಟು, "ನೋಡಿದ್ದೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ನಾಲಿಗೆ ಸವೆದುಹೋಗ್ತಿತ್ತಾ?" ಎಂದು ಕೇಳಿದಳು. ಭಾವ ಅವಳನ್ನು ತಡೆದು, "ನೋಡಿಲ್ಲ ಅವನು. ಸುಳ್ಳು ಯಾಕೆ ಹೇಳಬೇಕು?" ಎಂದರು. ಆಮೇಲೆ ನನಗೆ, "ನೋಡಿಲ್ಲ ಅನ್ನೋದೇ ಬೇರೆ, ಇರಲಿಲ್ಲ ಅನ್ನೋದೇ ಬೇರೆ ಕಣಯ್ಯಾ. ಅಷ್ಟು ಬಿಡಿಸಿ ಹೇಳು, ಸಾಕು" ಎಂದರು. ಅವರು ಬೈದಿದ್ದರೆ ಊಟ ಇಳಿಯುತ್ತಿತ್ತು.

ಮಾಲು ನಿಜಕ್ಕೂ ಎಲ್ಲಿ ಹೋಯಿತೆಂದು ತಿಳಿಯಲು ಬುಧವಾರ ನಾನು ಸ್ಟೋರಿನ ಉಸ್ತುವಾರಿ ನೋಡುವ ಸ್ಟೋರಿನವರ ಮನೆಗೆ ಹೋದೆ. ಅವರು ಬಾಗಿಲು ಮುಂದೆ ಮಾಡಿ, ಕಳೆದ ಸಲ ಬಂದ ಪೆಟ್ಟಿಗೆಗಳಲ್ಲಿ ಚರ್ಮವೂ ಬಕಲ್‌ಗಳೂ ಇರಲೇ ಇಲ್ಲವೆಂದೂ, ತೆರೆಯದೆ ಸಹಿ ಹಾಕಿ ಇಳಿಸಿಕೊಂಡದ್ದು ತಮ್ಮ ತಪ್ಪೆಂದೂ ಹೇಳಿದರು. ಸ್ಟೋರಿನಲ್ಲಿ ಕದಿಯಲು ಏನಿತ್ತು ಎಂದು ನಾನು ಕೇಳಿದೆ. ಏನೂ ಇರಲಿಲ್ಲ ಎಂದರು. ಅದನ್ನು ಠಾಣೆಯಲ್ಲಿ ಹೇಳಿ ಎಂದಾಗ, "ನಿವೃತ್ತಿ ಹತ್ತಿರ ಬಂತು ಮಾರಾಯ, ಬಾಯಿಬಿಟ್ರೆ ನನ್ನ ಕುತ್ತಿಗೆಗೇ ಬರುತ್ತೆ" ಎಂದು ತಲೆ ತಗ್ಗಿಸಿದರು. ನಾನಂತೂ ನನ್ನ ಪಾಲಿನದನ್ನು ಹೇಳುವವನು ಎಂದು ತಿಳಿಸಿ ಎದ್ದೆ. ಅವರು ಓಣಿಯ ತಿರುವಿನವರೆಗೂ ನನ್ನ ಜೊತೆ ನಡೆದುಬಂದರು.

ಇಂದು ಬೆಳಿಗ್ಗೆ ಮ್ಯಾನೇಜರ್ ಕೋಣೆಗೆ ಹೋಗಿ, ಸೋಮವಾರ ಚೀಲ ತೆರೆಯದೆ ಒಳಗೆ ಬಿಟ್ಟೆನೆಂದು ಹೇಳಿದೆ. ಇದನ್ನು ಅಂದೇ ಹೇಳಿದ್ದರೆ ದೂರು ಕೊಡುವ ಮೊದಲು ಸ್ಟೋರಿಗೆ ಮಾಲು ಬಂದಿತ್ತೇ ಎಂದು ತಾವು ವಿಚಾರಿಸುತ್ತಿದ್ದುದಾಗಿ ಅವರು ಹೇಳಿದರು. ಗೇಟಿನ ಬೀಗದಕೈ ಕೇಳಿದರು. ಕೊಟ್ಟು ನೇರ ಇಲ್ಲಿಗೆ ಬಂದೆ.

ನಾನು ಬರುವಷ್ಟರಲ್ಲಿ ಸ್ಟೋರಿನವರು ಠಾಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ, ಜಾಮೀನಿನ ಷರತ್ತಿನಂತೆ ಠಾಣೆಯಲ್ಲಿ ಸಹಿ ಹಾಕಲು ಬಂದಿದ್ದ ಭಾವ. ನಾನು ಇಷ್ಟು ಬರೆಸುತ್ತಿರುವಾಗ ಸ್ಟೋರಿನವರು ಒಳಗೆ ಬಂದು, ಚಪ್ಪಲಿ ಬಿಟ್ಟು, ನನ್ನ ಹಿಂದೆ ಸರದಿಯಲ್ಲಿ ನಿಂತಿದ್ದಾರೆ.

ಇದನ್ನು ನನಗೆ ಓದಿ ಹೇಳಲಾಗಿದೆ. ಕಂಡದ್ದನ್ನು ಕಂಡೆನೆಂದೂ ಕಾಣದ್ದನ್ನು ಕಾಣಲಿಲ್ಲವೆಂದೂ ಬರೆದಿರುವುದು ಸರಿಯಾಗಿದೆ ಎಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: 14, ಗುರುವಾರ
(ಸಹಿ)