ಇವತ್ತು ಜಡೆ ಬೇಡಮ್ಮ

ಬೇಡಮ್ಮ, ಬಾಚಣಿಗೆ ಒಳಗಿಡಿ... ಇವತ್ತು ಜಡೆ ಬೇಡ. ತಲೆಗೆ ಕಟ್ಟಿರೋ ವಸ್ತ್ರನೂ ಬಿಚ್ಚಲ್ಲ. ತಲೆ ತುಂಬ ಹೇನು! ನಗ್ತೀರಲ್ಲ? ನಿಮ್ಮ ಪೆಲ್ಶಿನ್ ತಲೇಲೂ ಅದೇ ಹೇನು, ಇಬ್ಬರಿಗೂ ಒಂದೇ ಕಂಬಳಿ ತಾನೆ. ಬರ್ತಾಳಮ್ಮ, ಹಿಂದಿನ ಗಾಡೀಲಿ ಬರ್ತಿದ್ದಾಳೆ. ಎಷ್ಟು ಸಲ ಕೇಳ್ತೀರಾ!

ಸಾಕು, ಇಷ್ಟೊಂದು ದೋಲ್ಮಾ ಬಡಿಸಬೇಡಿ. ಅಲ್ಲಿ ಯುದ್ಧದ ಕಂದಕದಲ್ಲಿ ಡಬ್ಬಿ ಮಾಂಸ ತೆಗೆದ್ರೆ ಹೆಣದ ವಾಸನೆ. ಮಲಗಿದ್ರೆ ಇಲಿ ಬಂದು ಬೂಟಿನ ದಾರ ಕಡಿಯುತ್ತೆ. ಅದೆಲ್ಲ ಹಾಳಾಗಿ ಹೋಗ್ಲಿ, ಅಭ್ಯಾಸ ಆಗಿದೆ. ಆದ್ರೆ ಆ ಫೋಟೊದವನು... ಥೂ!

ಯಾರು ಅಂದ್ರೆ? ಯಾವುದೋ ಪರದೇಶದ ಪತ್ರಿಕೆಯೋನು. ಸೆಂಟು ಬಳ್ಕೊಂಡು ಬಂದಿದ್ದ, ಮದುವೆಗೆ ಬಂದಂಗೆ! ಊರು ಹೆಂಗೆ ಉಳಿಸ್ಕೊಂಡ್ರಿ ಅಂತ ಕೇಳಲಿಲ್ಲ, ನಿಮ್ಮೋರು ಯಾರು ಸತ್ರು ಅಂತ ಕೇಳಲಿಲ್ಲ. 'ನಿಮ್ಮಲ್ಲಿ ಚೆಂದದೋಳು ಯಾರು?' ಅಂದ. ಸಂತೇಲಿ ಕುರಿ ಹಲ್ಲು ನೋಡ್ತಾರಲ್ಲ, ಹಾಗೆ ಒಬ್ಬೊಬ್ಬರನ್ನೇ ನೋಡ್ತಾ ಬಂದ. ನನ್ನ ಮುರುಕು ಹಲ್ಲು ಕಂಡು ಮುಂದೆ ಹೋದ. ಪೆಲ್ಶಿನ್ ಎದುರಿಗೆ ನಿಂತ.

ನಗಿ, ನಗಿ! ನಿಮ್ಮ ಮಗಳು ಚೆಂದಾನೇ, ಯಾರು ಇಲ್ಲ ಅಂದ್ರು? 'ಜಡೆ ಮುಂದೆ ಹಾಕ್ಕೋ' ಅಂದ. 'ಮುಖ ತೊಳ್ಕೋ' ಅಂದ. ಕುಡಿಯೋಕೆ ನೀರಿಲ್ಲ ಅಲ್ಲಿ! ಬೇಡ ಕಣೇ, ಓಡಿಸು ಅವನನ್ನ ಅಂದೆ. ಇವಳು ಕೇಳ್ಬೇಕಲ್ಲ! 'ಇರ್ಲಿ ಬಿಡೇ ಜಿನಾರ್. ಬಂದೂಕು ಹಿಡಿದೋಳು ನಮ್ಮ ಮನೆ ಹುಡುಗಿನೇ ಅಲ್ಲ ಅಂದನಲ್ಲ ಚಿಕ್ಕಪ್ಪ, ನೋಡಿ ಹೊಟ್ಟೆ ಉರ್ಕೊಳ್ಳಲಿ' ಅಂದ್ಲು.

ಹೂಂ, ಅದೇ ಚಿಕ್ಕಪ್ಪ. ಈಗ ಬರುವಾಗ ನೋಡ್ದೆ, ಚಹಾದಂಗಡೀಲಿ ಕೂತು ಮೊಬೈಲಲ್ಲಿ ಅದೇ ಫೋಟೊ ಎಲ್ಲರಿಗೂ ತೋರಿಸ್ತಿದ್ದ. 'ನಮ್ಮ ವಂಶದ ಸಿಂಹಿಣಿ' ಅಂತೆ! ಮೀಸೆಗೆ ಉಗೀಬೇಕು ಅನ್ನಿಸ್ತು.

'ಇಲ್ಲಿ ಬೆಳಕು ಸಾಲದು, ಆ ಮಣ್ಣಿನ ದಿಬ್ಬ ಹತ್ತು' ಅಂದನಮ್ಮ ಆ ನಾಯಿ. ಆಕಡೆ ಶತ್ರುಗಳು ಗುರಿ ಇಟ್ಕೊಂಡು ಕಾಯ್ತಿರ್ತಾರೆ, ನಾವು ಅಲ್ಲಿ ತೆವಳ್ಕೊಂಡು ಓಡಾಡೋದು. ಹತ್ತಿದ್ಲು. 'ನಗು' ಅಂದ. ನಕ್ಕಳು...

ಆಮೇಲೆ? ಆಮೇಲೇನು... ಫೋಟೊ ಚೆನ್ನಾಗಿ ಬಂತು. ಅಷ್ಟೇ ಬೇಕಿತ್ತಲ್ಲ ಅವನಿಗೆ.

ಆ ಸಕ್ಕರೆ ಈಕಡೆ ಕೊಡಿ... ಅಮ್ಮ? ಯಾಕೆ ನನ್ನ ತಲೇನೇ ನೋಡ್ತೀರಾ? ಹೌದು, ಮನೇಲಿ ಗಂಡಸ್ರು ಯಾರೂ ಇಲ್ಲ, ಸೆಕೆನೂ ಇದೆ, ಆದ್ರೆ... ಹೇನು ಅಂದೆನಲ್ಲ! ಬೇಡ, ಗಂಟಿಗೆ ಕೈ ಹಾಕ್ಬೇಡಿ. ಯಾಕೆ ಎದ್ದು ನಿಂತ್ರಿ? ಈಗ ತಾನೆ ನಗ್ತಿದ್ರಿ! ಬೈರಿ ನನ್ನ. ಹೊಡೀರಿ ಬೇಕಾದ್ರೆ. ಅಮ್ಮ...

ಬೆನ್ನ ಮೇಲೆ ಹುಡುಕಬೇಡಿ, ಜಡೆ ಅಲ್ಲಿಲ್ಲ. ನಮ್ಮ ಹೆಂಗಸರು ಸತ್ತೋರಿಗೆ ಇಡೋ ಹಾಗೆ, ಕತ್ತರಿಸಿ ಅವಳ ಎದೆ ಮೇಲೆ ಇಟ್ಟಿದ್ದೀನಿ.

ಸುಳ್ಳು ಹೇಳಿಲ್ಲಮ್ಮ... ಹಿಂದಿನ ಗಾಡೀಲಿ ಬರ್ತಿದ್ದಾಳೆ.