ಎರಡು ಬೆರಳಿನ ಸಡಿಲು

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನಿಂತುಹೋದ ಗಡಿಯಾರ ಬಿಚ್ಚಲು ಏಣಿ ಹತ್ತಿದ್ದ ರಿಪೇರಿಯವನಿಗೆ ಪರರ ಮಾತು ಕೇಳುವ ಚಾಳಿ ಇರಲಿಲ್ಲ. ಆದರೆ ಕಿವಿಗೇನು ಬಾಗಿಲಿದೆಯೇ? ಕೆಳಗಿನ ಬೆಂಚಿನಲ್ಲಿ ಒಬ್ಬ ಹೆಂಗಸೂ ಅವಳ ತಮ್ಮನೂ ಕೂತಿದ್ದರು. ತಮ್ಮನ ಹೆಗಲಲ್ಲಿ ದರ್ಜಿಯ ಟೇಪು ಹಾಗೇ ನೇತಾಡುತ್ತಿತ್ತು.

“ರೇಡಿಯೇಶನ್ ಕರೆಂಟು ಕೊಟ್ಟ ಮೇಲೂ ನಿಮ್ಮ ಭಾವಂಗೆ ಗಂಟಲ ಕ್ಯಾನ್ಸರ್ ಮರಳಿ ಬಂತಲ್ಲೋ. ಈಗ ಧ್ವನಿಪೆಟ್ಟಿಗೇನೇ ತೆಗೀತಾರಂತೆ.”

“ಕುತ್ತಿಗೆ ಗ್ರಂಥಿಗಳಿಗೂ ಹರಡಿದ್ಯಾ?”

“ಸ್ಕ್ಯಾನಲ್ಲಿ ಅಲ್ಲೇನೂ ಕಾಣ್ಲಿಲ್ಲ. ಕರೆಂಟಿಗೆ ಬೆಂದ ಕುತ್ತಿಗೆ, ಬಗೆದ್ರೆ ಗಾಯ ಬೇಗ ಮಾಯಲ್ಲ. ಮುಂಜಾಗ್ರತೆಗೆ ಆ ಗ್ರಂಥಿಗಳನ್ನೂ ತೆಗೀಲಾ ಬಿಡ್ಲಾ ಅಂತ ಡಾಕ್ಟ್ರು ನಮ್ಮನ್ನೇ ಕೇಳಿದ್ರು. ಬಿಡಿ ಅಂತ ಸಹಿ ಹಾಕ್ತೀನಿ.”

“ಹಾಕ್ಬೇಡ.”

“ಯಾಕೋ?”

“ನಿನ್ನೆ ಭಾವಂದು ಅಂಗಿ ಅಳತೆ ತಗೊಂಡೆ. ಕಾಲರ್ ಒಳಗೆ ಎರಡು ಬೆರಳು ಆಡ್ಬೇಕು. ಬಲಗಡೆ ಆಡ್ತು. ಎಡಗಡೆ ಒಂದೇ ಹೋಯ್ತು.”

“ಸ್ವಲ್ಪ ಮೈ ಬಂದಿರ್ಬೇಕು.”

“ಒಂದೇ ಕಡೆ ಯಾರಿಗಕ್ಕಾ ಮೈ ಬರುತ್ತೆ? ಮೂವತ್ತು ವರ್ಷದಲ್ಲಿ ಇಂಥ ಕುತ್ತಿಗೆ ಮೂರು ಸಿಕ್ಕಿದ್ವು. ಆ ಮೂರು ಅಂಗೀನೂ ಅಂಗಡೀಲೇ ಉಳಿದ್ವು.”

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

“ದರ್ಜಿ ಮಾತು ಕೇಳಿ ಡಾಕ್ಟ್ರು ನಗಲ್ವಾ?”

“ನಗ್ಲಿ. ನಕ್ಕು, ಆಮೇಲೆ ಎಡಗಡೆ ಒಂದ್ಸಲ ಮುಟ್ಟಿ ನೋಡ್ಲಿ.”

ನರ್ಸು ಕರೆದಳು. ಇಬ್ಬರೂ ಎದ್ದರು. ಏಣಿಯ ಬುಡದಲ್ಲಿ ತಮ್ಮ ತಡೆದು ನಿಂತು, ತಲೆಯೆತ್ತಿ ರಿಪೇರಿಯವನ ಕೊರಳನ್ನೇ ನೋಡಿದ. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ. ಎಡಕ್ಕೆ ಹೋದ ಕಣ್ಣು ಅಲ್ಲೇ ನಿಂತಿತು.

“ಕಾಲರ್ ಗುಂಡಿ ಯಾವಾಗಿಂದ ಹಾಕ್ತಿಲ್ಲ?” ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೂ ಕಾಯದೆ ಅಕ್ಕನ ಹಿಂದೆ ನಡೆದ.